ಗೆರೆ ದಾಟಿದ್ದನ್ನು ನೋಡಿದವರು

ಅವರನ್ನು ಮೊದಲ ಸಲ ಬರಿಮೈಯಲ್ಲಿ ನೋಡಿದ ದಿನ ನನಗೆ ಗುರುತೇ ಹತ್ತಲಿಲ್ಲ. ಮುನಸಿಪಾಲಿಟಿಯ ಈಜುಕೊಳದ ಮೆಟ್ಟಿಲ ಮೇಲೆ ವಯಸ್ಸಾದವರೊಬ್ಬರು ನೀಲಿ ಚಡ್ಡಿ, ರಬ್ಬರ್ ಟೊಪ್ಪಿಗೆ ಹಾಕಿಕೊಂಡು, ಎರಡೂ ಕೈ ಎದೆಗೆ ಕಟ್ಟಿಕೊಂಡು ಚಳಿಗೆ ನಡುಗುತ್ತ ನಿಂತಿದ್ದರು. ಬೆನ್ನುನೋವಿಗೆ ಈಜು ಒಳ್ಳೆಯದೆಂದು ಡಾಕ್ಟರು ಹೇಳಿದ್ದರಿಂದ ನಾನೂ ಹೆಚ್ಚುಕಡಿಮೆ ಅದೇ ವೇಷದಲ್ಲಿದ್ದೆ. "ಏನಪಾ, ಇವತ್ತ ಎಂಟರ ಪಾಳಿ ಅಲ್ಲೇನು ನಿಂದು?" ಎಂದು ಆ ಟೊಪ್ಪಿಗೆಯೊಳಗಿನ ಮುಖ ಕೇಳಿತು. ನನ್ನ ಜೀವ ಬಾಯಿಗೆ ಬಂತು. ಪುಣೆಯ ಖಡಕಿಯ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ನನ್ನ ಮೇಲಧಿಕಾರಿಯಾಗಿದ್ದವರ ಧ್ವನಿ ಅದು. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಮೂಗಿನ ತುದಿಯಲ್ಲಿ ಕನ್ನಡಕ ಬಿಟ್ಟರೆ ಅವರಿಗೆ ಬೇರೆ ಒಂದು ಮೈ ಇದೆ ಎಂದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ.

ನಾನು ಈಜಲೆಂದು ಆ ಕೊಳಕ್ಕೆ ಒಟ್ಟು ಒಂಬತ್ತು ದಿನ ಹೋದೆ. ಅವರು ಏಳು ವರ್ಷ ಹೋದರು.

ನಮ್ಮದು ತಪಾಸಣೆಯ ವಿಭಾಗ. ಯಂತ್ರದವರು ಮಾಡಿದ ಲೋಹದ ತುಂಡುಗಳು ನಮ್ಮ ಮೇಜಿಗೆ ಬರುತ್ತಿದ್ದವು. ಗೇಜು ಎಂಬ ಅಳತೆಯ ಉಕ್ಕಿನ ಕಡ್ಡಿಯ ಒಂದು ತುದಿ ತುಂಡಿನ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹಾಗಿದ್ದರೆ ಶಿಕ್ಕಾ ಒತ್ತುವುದು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು. ಇಷ್ಟೇ ಕೆಲಸ. ಇಷ್ಟಕ್ಕೇ ಸಾಹೇಬರು (ವಿಭಾಗದಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದೆವು) ದೇವರ ಪೂಜೆಗೆ ಕುಳಿತವರ ಹಾಗೆ ಕೂಡುತ್ತಿದ್ದರು. ಒಮ್ಮೆ ಅವಸರದ ಮಾಲು ಬೇಕಾಗಿತ್ತು, ಯಂತ್ರದವನು ರಜೆ ಹಾಕಿದ್ದ. ತರುಣರಾಗಿದ್ದಾಗ ಆ ಕೆಲಸವನ್ನೇ ಮಾಡುತ್ತಿದ್ದ ಸಾಹೇಬರು ತೋಳು ಮಡಚಿ ತಾವೇ ಇಪ್ಪತ್ತು ತುಂಡು ಕಡೆದರು. ಕಡೆದು ತಂದು ನನ್ನ ಮೇಜಿನ ಮೇಲಿಟ್ಟು, ಕೂಲಿಯವರ ಹಾಗೆ ಕೈಕಟ್ಟಿ ಎದುರು ನಿಂತರು. ಸಾಹೇಬರೇ ಮಾಡಿದ್ದಕ್ಕೆ ನಾನೇನು ಅಳೆಯುವುದೆಂದು ಸರಸರನೆ ಶಿಕ್ಕಾ ಒತ್ತಿದೆ. ಅವರ ಮುಖ ಗಂಟಾಯಿತು.

"ಅಳದೀ?"

"ನೀವ ಮಾಡಿದ್ದಲ್ರಿ ಸರ..."

"ನಾ ಮಾಡಿದ್ರ? ಮಾಡಿದಂವ ಪಾಸ್ ಮಾಡಬಾರದು, ಪಾಸ್ ಮಾಡೂವಂವ ನೋಡದ ಮಾಡಬಾರದು. ಇಪ್ಪತ್ತೂ ಮತ್ತ ಅಳಿ."

ಅಳೆದೆ. ಹದಿನೇಳನೆಯದು ಕೂದಲೆಳೆಯಷ್ಟು ತಪ್ಪಿತ್ತು. ಹೆದರುತ್ತ ಕೆಂಪು ಬಳಿದೆ. ಅವತ್ತು ಇಡೀ ದಿನ ಅವರು ಖುಷಿಯಲ್ಲಿದ್ದರು, ನನಗೆ ಚಹಾ ಕೂಡ ತರಿಸಿದರು.

ಈಜುಕೊಳಕ್ಕೆ ಅವರು ಬರತೊಡಗಿದ್ದು ಹೆಂಡತಿ ತೀರಿಕೊಂಡ ಮೇಲೆ. ಮಕ್ಕಳಿರಲಿಲ್ಲ. ಖಡಕಿ ಬಜಾರಿನ ಹಿಂದೆ ಎರಡು ಕೋಣೆಯ ಮನೆ. ರಾತ್ರಿಯ ಊಟ ಕಾರ್ಖಾನೆಯ ಗೇಟಿನೆದುರು ಕುಂದಾಪುರದವರೊಬ್ಬರು ನಡೆಸುತ್ತಿದ್ದ ಹೋಟೆಲಿನಲ್ಲಿ. ಆ ಹೋಟೆಲಿನ ಧಣಿ ಒಮ್ಮೆ ನನ್ನನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಕರೆದು ತಗ್ಗಿದ ಧ್ವನಿಯಲ್ಲಿ ಹೇಳಿದರು: "ನಿಮ್ಮ ಸಾಹೇಬ್ರು ಊಟ ಆದ್ಮೇಲೆ ಕುರ್ಚಿ ಬಿಡುದಿಲ್ಲ ಮಾರಾಯ್ರೇ. ಗಿರಾಕಿ ನಿಂತಿರ್ತಾರೆ. ಏಳಿ ಅಂತ ಹೇಳ್ಲಿಕ್ಕೂ ಮನ್ಸು ಬರುದಿಲ್ಲ. ನೀವಾದ್ರೂ ಮಾತಾಡ್ಸಿ ಕರ್ಕೊಂಡು ಹೋಗಿ." ನಾನು ನಗುತ್ತ ತಲೆಯಾಡಿಸಿ ಬಂದೆ. ಕರೆದುಕೊಂಡು ಹೋಗಲಿಲ್ಲ. ಮೇಲಧಿಕಾರಿಯನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು?

ಅದೇ ಚಳಿಗಾಲ ಈಜುಕೊಳದ ಗೋಡೆಗೆ ಯಾವುದೋ ಕ್ರೀಡಾಸಂಘದ ಒಂದು ಹಾಳೆ ಅಂಟಿಸಿದ್ದರು. ಒಂದು ಕಿಲೋಮೀಟರ್ ಈಜು, ನಲವತ್ತು ಕಿಲೋಮೀಟರ್ ಸೈಕಲ್, ಹತ್ತು ಕಿಲೋಮೀಟರ್ ಓಟ, ನಡುವೆ ವಿರಾಮವಿಲ್ಲ. ಟ್ರಯಾಥ್ಲಾನ್ ಎಂಬ ಶಬ್ದವನ್ನು ನಾನು ಕೇಳಿದ್ದು ಅವತ್ತೇ. ಸಾಹೇಬರು ಮರಾಠಿಯ ಆ ಹಾಳೆಯನ್ನು ಬೆರಳಿಟ್ಟು ಎರಡು ಸಲ ಓದಿದರು.

"ಈಜು ಬರತದ, ಬಾವ್ಯಾಗ ಕಲ್ತದ್ದು. ಸೈಕಲ್ ಮೂವತ್ತ ವರ್ಷಾತು ತುಳ್ಯಾಕ ಹತ್ತಿ. ಇನ್ನ ಓಡೂದೊಂದ ಉಳೀತು."

"ಸರ, ಇದು ಹುಡುಗರ ಆಟ."

"ಹುಡುಗರಿಗೆ ಅಂತ ಎಲ್ಲಿ ಬರದಾರ, ತೋರ್ಸು."

ಎಲ್ಲಿಯೂ ಬರೆದಿರಲಿಲ್ಲ. ಅವರಿಗಾಗ ಐವತ್ತಾರು ವರ್ಷ.

ವಿಭಾಗದಲ್ಲಿ ಸುದ್ದಿ ಹಬ್ಬಿತು. "ಮೂರೂ ಬಿಟ್ಟವರನ್ನ ಭಾಳ ನೋಡೀವಿ, ಮೂರೂ ಹಿಡದವರನ್ನ ಇವತ್ತ ನೋಡಿದ್ವಿ" ಎಂದು ಗುಲಬರ್ಗಾದ ಗೆಳೆಯನೊಬ್ಬ ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಸ್ವಲ್ಪ ಹೆಚ್ಚೇ ನಕ್ಕೆ.

ಓಡುವುದು ಅವರಿಗೆ ನಿಜವಾಗಿಯೂ ಬರುತ್ತಿರಲಿಲ್ಲ. ಹೊರಟು ನಿಂತ ಬಸ್ಸಿನ ಹಿಂದೆ ಕೂಡ ಅವರು ಓಡಿದವರಲ್ಲ. ಮೊದಮೊದಲು ಎರಡೂ ಕಂಕುಳಲ್ಲಿ ಫೈಲು ಹಿಡಿದವರ ಹಾಗೆ ಮೊಣಕೈ ಒತ್ತಿಕೊಂಡು, ಕ್ಯಾನ್‌ವಾಸ್ ಬೂಟು ಪಟಪಟ ಬಡಿಯುತ್ತ ಓಡುತ್ತಿದ್ದರು. ಖಡಕಿಯ ಓಣಿಗಳಲ್ಲಿ ಬಾಗಿಲು ಗುಡಿಸುತ್ತಿದ್ದ ಹೆಂಗಸರು ಯಾರಿಗೋ ಏನೋ ಆಯಿತೆಂದು ಗಾಬರಿಯಾಗಿ, "ಕಾಕಾ, ಕಾಯ್ ಝಾಲಂ?" ಎಂದು ಕೇಳುತ್ತಿದ್ದರು. ಸಾಹೇಬರು ಪ್ರತಿಯೊಬ್ಬರ ಮುಂದೆಯೂ ನಿಂತು, ಏನೂ ಆಗಿಲ್ಲ, ವ್ಯಾಯಾಮ ಎಂದು ಮರಾಠಿಯಲ್ಲಿ ಸಾವಕಾಶ ಹೇಳಿ ಮುಂದೆ ಹೋಗುತ್ತಿದ್ದರು. ಉತ್ತರ ಕೊಡುವುದರಲ್ಲೇ ಅರ್ಧ ಸಮಯ ಹೋಗುತ್ತಿತ್ತು. ನಿಲ್ಲದೆ ಓಡಿರಿ ಎಂದರೆ, "ಕೇಳಿದವರಿಗೆ ಹೇಳದ ಹ್ಯಾಂಗ ಹೋಗೂದೋ?" ಎನ್ನುತ್ತಿದ್ದರು.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ಅವರ ಬೆನ್ನ ಹಿಂದೆ ಸ್ಕೂಟರಿನ ಮೇಲೆ ನಾನಿರುತ್ತಿದ್ದೆ. ಒಂದು ಶನಿವಾರ ಪಾಳಿ ಮುಗಿದ ಮೇಲೆ ಅವರು ಮೇಜಿನ ಮೇಲೆ ಒಂದು ಉದ್ದನೆಯ ನೋಟುಪುಸ್ತಕ, ಒಂದು ಸ್ಟಾಪ್‌ವಾಚ್ ಇಟ್ಟರು. ಪುಸ್ತಕದಲ್ಲಿ ಪಟ್ಟಿಯಿಟ್ಟು ಗೆರೆ ಎಳೆದು ಕಾಲಂ ಮಾಡಿದ್ದರು: ಈಜು, ಸೈಕಲ್, ಓಟ, ಕೊನೆಗೆ ತಪಾಸಣೆ ಮಾಡಿದವರ ಸಹಿ.

"ಐತವಾರ ಬೆಳಿಗ್ಗೆ ಎರಡು ತಾಸು ಬಾ. ಗಡಿಯಾರ ನೀ ಹಿಡಿ. ನಾ ಓಡಿದ್ದು ನಾನ ಬರಕೊಂಡ್ರ ಅದಕ್ಕ ಬೆಲಿ ಇಲ್ಲ."

ಇಡೀ ವಿಭಾಗದಲ್ಲಿ ನಾನೇ ಯಾಕೆ ಎಂದು ಕೇಳಬೇಕೆನ್ನಿಸಿತು, ಧೈರ್ಯವಾಗಲಿಲ್ಲ. ಮನೆಯಲ್ಲಿ ಹೆಂಡತಿ ಸಿಡಿಮಿಡಿಗೊಂಡಳು. ಎರಡು ವರ್ಷ, ಅಂದರೆ ಹೆಚ್ಚುಕಡಿಮೆ ನೂರು ಭಾನುವಾರ, ನಾನು ನಮ್ಮ ಮನೆಯಿದ್ದ ನಿಗಡಿಯಿಂದ ಖಡಕಿಗೆ ಹೋಗಿ ಅವರ ಗಡಿಯಾರ ಹಿಡಿದೆ. ಭಕ್ತಿಯಿಂದ ಹಿಡಿದೆ ಎಂದು ಹೇಳಿದರೆ ಸುಳ್ಳಾದೀತು. ಅವರು ದೇಹೂ ರೋಡಿನತ್ತ ಸೈಕಲ್ ತುಳಿಯುತ್ತ ಹೋದರೆ ನಾನು ಮಿಸಳ್ ತಿನ್ನುತ್ತ ಅಂಗಡಿಯಲ್ಲಿ ಕೂತಿದ್ದು, ಅಂದಾಜಿನ ಮೇಲೆ ಸಮಯ ಬರೆದು ಸಹಿ ಹಾಕಿದ್ದೂ ಉಂಟು. ಅಂಥ ಸಾಲನ್ನು ಅವರು ಹೇಗೋ ಕಂಡುಹಿಡಿಯುತ್ತಿದ್ದರು. ಏನೂ ಬೈಯದೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಹಾಕುತ್ತಿದ್ದರು.

ಒಂದು ಭಾನುವಾರ ನನಗೆ ಜ್ವರ ಬಂದು ಹೋಗಲಾಗಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಬಾಗಿಲು ಬಡಿದ ಸಪ್ಪಳ. ಮಳೆಯಲ್ಲಿ ತೊಯ್ದು ತೊಪ್ಪೆಯಾದ ಸಾಹೇಬರು ಸೈಕಲ್ ಹಿಡಿದು ನಿಂತಿದ್ದರು. "ಬರಲಿಲ್ಲಲ್ಲ, ಏನಾತೋ ಅಂತ ಬಂದೆ" ಎಂದರು. ಹೆಂಡತಿ ಅವರಿಗೆ ನನ್ನದೊಂದು ಒಣಗಿದ ಅಂಗಿ ಕೊಟ್ಟು ಉಪ್ಪಿಟ್ಟು ಮಾಡಿದಳು. ನಾನು ಹೊದಿಕೆಯೊಳಗಿಂದಲೇ ಹೇಳಿದೆ:

"ಖಡಕಿಯಿಂದ ಇಲ್ಲೀ ಮಟ ತುಳಕೊಂತ ಬಂದೀರಲ್ರಿ ಸರ, ಅದನ್ನ ಬರಕೋರಿ."

"ಯಾರು ನೋಡ್ಯಾರ?"

"ನಾ ನೋಡೀನಲ್ರಿ ನೀವು ಬಂದದ್ದು" ಎಂದಳು ಹೆಂಡತಿ.

"ಮುಟ್ಟಿದ್ದು ನೋಡೀ ತಂಗೀ, ಹೊಂಟದ್ದು ನೋಡಿಲ್ಲಲ್ಲ" ಎಂದು ಅವರು ನಕ್ಕು, ಇನ್ನೂ ಸ್ವಲ್ಪ ಉಪ್ಪಿಟ್ಟು ಹಾಕಿಸಿಕೊಂಡರು. ಮಧ್ಯಾಹ್ನದ ತನಕ ಕುಳಿತಿದ್ದರು. ನಮ್ಮ ಮನೆಯ ಕುಕ್ಕರಿನ ಸೀಟಿ, ಪಕ್ಕದ ಮನೆಯವರ ಜಗಳ ಎಲ್ಲವನ್ನೂ ಕೇಳುತ್ತ ಕುಳಿತಿದ್ದರು. ಅವರು ಹೋದ ಮೇಲೆ ಹೆಂಡತಿ, "ಇನ್ನ ಮ್ಯಾಲೆ ಐತವಾರ ನಾ ಏನೂ ಅನ್ನೂದಿಲ್ಲ, ನೀವು ಹೋಗ್ರಿ" ಎಂದಳು. ಅವಳಿಗೆ ಒಂದು ಬೆಳಗಿನಲ್ಲಿ ತಿಳಿದದ್ದು ನನಗೆ ಅಷ್ಟು ದಿನ ತಿಳಿದಿರಲಿಲ್ಲ. ಗಡಿಯಾರ ಒಂದು ನೆಪ. ವಾರದಲ್ಲಿ ಒಮ್ಮೆಯಾದರೂ ತಮ್ಮನ್ನು ಯಾರಾದರೂ ನೋಡಬೇಕು, ತಾವು ಹೊರಟದ್ದು, ಮುಟ್ಟಿದ್ದು ಯಾರಿಗಾದರೂ ಗೊತ್ತಿರಬೇಕು. ಅದನ್ನು ಬಾಯಿಬಿಟ್ಟು ಕೇಳುವ ಸ್ವಭಾವ ಅವರದಲ್ಲ, ಹಾಗಾಗಿ ಕಾರ್ಖಾನೆಯ ನಿಯಮ ಮುಂದಿಟ್ಟಿದ್ದರು.

ಸ್ಪರ್ಧೆ ವರ್ಷಕ್ಕೊಂದು ಸಲ, ಜನವರಿಯಲ್ಲಿ. ಮೊದಲ ವರ್ಷ ಸೈಕಲ್ಲಿನಲ್ಲೇ ಹೊತ್ತು ಮೀರಿತು. ಹಿಂದೆ ಕ್ಯಾರಿಯರ್, ಚಕ್ರಕ್ಕೆ ಮಡ್‌ಗಾರ್ಡ್ ಇದ್ದ ತಮ್ಮ ಕಪ್ಪು ಸೈಕಲ್ಲಿನಲ್ಲೇ ಹೋಗುತ್ತೇನೆಂದು ಹಟ ಹಿಡಿದಿದ್ದರು. ಎರಡನೆಯ ವರ್ಷ ಓಡಲು ಇಳಿಯುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡಿತು. ಎರಡೂ ಸಲ ನಾನು ಓಟ ಮುಗಿಯುವ ನಿಗಡಿಯ ಮೈದಾನದಲ್ಲಿ ಕಾದಿದ್ದೆ. ಎರಡೂ ಸಲ ಅವರು ನಡುವೆ ಬಿಟ್ಟವರ ಸೈಕಲ್ಲುಗಳನ್ನು ತರುವ ಕೊನೆಯ ಟೆಂಪೋದಲ್ಲಿ, ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ಬಂದಿಳಿದರು. ನನ್ನ ಮುಖ ನೋಡಲಿಲ್ಲ. ಮೊದಲ ಸಲ ನಾಲ್ಕು ದಿನ ಆಫೀಸಿನಲ್ಲೂ ಮಾತಾಡಲಿಲ್ಲ.

ಮೂರನೆಯ ವರ್ಷದ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಬೀಳ್ಕೊಡುಗೆಯ ದಿನ ಹಾರ, ತೆಂಗಿನಕಾಯಿ ಹಿಡಿದುಕೊಂಡು ನನ್ನನ್ನು ಪಕ್ಕಕ್ಕೆ ಕರೆದರು. "ನೋಡಪಾ, ಇನ್ನ ನನ್ನ ಕೈಯಾಗ ಬ್ಯಾರೆ ಏನೂ ಇಲ್ಲ. ಒಂದ ಒಂದ್ಸಲ ಪೂರ್ತಿ ಮಾಡಬೇಕು. ಮೂರೂ ಕಾಲಂ ತುಂಬಬೇಕು, ನೀ ನೋಡಿ ಸಹಿ ಮಾಡಬೇಕು. ಆಮ್ಯಾಲೆ ಬಿಟ್ಟುಬಿಡ್ತೀನಿ" ಎಂದರು. ಅವರು ನನ್ನ ಹತ್ತಿರ ಏನನ್ನಾದರೂ ಬೇಡಿದ್ದು ಅದೊಂದೇ ಸಲ.

ಸ್ಪರ್ಧೆಯ ಆ ಭಾನುವಾರ ನಮ್ಮ ಮನೆಗೆ ಸೊಲ್ಲಾಪುರದಿಂದ ಹೆಂಡತಿಯ ಅಕ್ಕನ ಸಂಸಾರ ಬಂದಿತ್ತು. ಮನೆಯಲ್ಲಿ ಹೋಳಿಗೆ. ನಾನು ಬೆಳಿಗ್ಗೆ ಅವರು ನೀರಿಗಿಳಿದದ್ದು, ನೀರಿನಿಂದ ಎದ್ದು ಸೈಕಲ್ ಹತ್ತಿದ್ದು ನೋಡಿ ಚೀಟಿಯಲ್ಲಿ ಬರೆದುಕೊಂಡೆ. ಆಮೇಲೆ ನಿಗಡಿಯ ಮೈದಾನಕ್ಕೆ ಬಂದು ನಿಂತೆ. ತರುಣರು ಬಂದರು, ಮಿಲಿಟರಿಯವರು ಬಂದರು, ಹಾರ ತುರಾಯಿ ಆಯಿತು. ಹನ್ನೆರಡು ಹೊಡೆಯಿತು. ಸಂಘದವರು ಮೈಕು ಬಿಚ್ಚತೊಡಗಿದರು. ಬಿಸಿಲು ನೆತ್ತಿಗೇರಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಅಷ್ಟರಲ್ಲಿ ಕೊನೆಯ ಟೆಂಪೋ ಬಂತು. ಅದರಲ್ಲಿ ಐದಾರು ಸೈಕಲ್ಲುಗಳ ಮೇಲೆ ಕ್ಯಾರಿಯರ್ ಇದ್ದ ಆ ಕಪ್ಪು ಸೈಕಲ್ ಅಡ್ಡ ಬಿದ್ದಿತ್ತು. ಅವರು ಇರಲಿಲ್ಲ.

ಈ ಸಲವೂ ಆಗಲಿಲ್ಲ ಅಂದುಕೊಂಡೆ. ನನಗೆ ಮುಖ ತೋರಿಸಲಾಗದೆ ದಾರಿಯಲ್ಲೇ ಇಳಿದು ಬಸ್ಸು ಹಿಡಿದು ಮನೆಗೆ ಹೋಗಿದ್ದಾರೆ ಅಂದುಕೊಂಡೆ. ಟೆಂಪೋದವನು ಹತ್ತು ಮಾರು ದೂರದಲ್ಲಿ ನಿಂತು ತಂಬಾಕು ತಿಕ್ಕುತ್ತಿದ್ದ. ಈ ಸೈಕಲ್ಲಿನವರು ಎಲ್ಲಿ ಎಂದು ಒಂದು ಮಾತು ಕೇಳಲಿಲ್ಲ. ಹದಿಮೂರು ವರ್ಷ ಅವರ ಕೈಕೆಳಗೆ ತಪಾಸಣೆ ಮಾಡಿದವನು, ನೋಡದೆ ಕೆಂಪು ಬಳಿದು ಸ್ಕೂಟರ್ ಹತ್ತಿದೆ. ನಿಜ ಹೇಳಬೇಕೆಂದರೆ ಮನಸ್ಸಿಗೆ ಸ್ವಲ್ಪ ಹಗುರವೇ ಆಗಿತ್ತು. ಹೋಳಿಗೆ ಬಿಸಿ ಇದ್ದವು, ಐದು ತಿಂದು ಮಲಗಿದೆ.

ಮರುದಿನ ಪಾಳಿ ಮುಗಿಸಿ ಸಮಾಧಾನ ಹೇಳೋಣವೆಂದು ಅವರ ಮನೆಗೆ ಹೋದೆ. ಬಕೆಟ್ಟಿನ ಬಿಸಿನೀರಿನಲ್ಲಿ ಎರಡೂ ಕಾಲು ಇಟ್ಟುಕೊಂಡು ಕುಳಿತಿದ್ದರು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು.

"ಇರಲಿ ಬಿಡ್ರಿ ಸರ, ಬರೂ ವರ್ಷ ನೋಡೂಣು" ಎಂದೆ.

"ಮುಗಿಸಿದ್ನಲ್ಲೋ" ಎಂದರು.

ಸೈಕಲ್ ಇಟ್ಟು ಓಟಕ್ಕಿಳಿಯುವಾಗ ಅವರೇ ಎಲ್ಲರಿಗಿಂತ ಕಡೆಯವರಂತೆ. ಅವರು ಓಡಿ ಹೋದ ಮೇಲೆ, ಉಳಿದಿದ್ದ ಸೈಕಲ್ಲುಗಳ ಜತೆಗೆ ಅವರದನ್ನೂ ಟೆಂಪೋಕ್ಕೆ ಎತ್ತಿ ಹಾಕಿದ್ದರು. ನಾನು ಹೋಳಿಗೆ ತಿನ್ನುವ ಹೊತ್ತಿನಲ್ಲಿ ಅವರು ಬಿಸಿಲಲ್ಲಿ ಓಡುತ್ತಿದ್ದರು. ಹೊತ್ತು ಮೀರಿದೆ, ಸಂಘದವರು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಗೆರೆಯ ಹತ್ತಿರ ನಾನಿದ್ದೇನೆ ಎಂದು ಓಡಿದರು.

"ಮೈದಾನದಾಗ ಯಾರೂ ಇರ್ಲಿಲ್ಲೇನ್ರಿ?"

"ಇಬ್ಬರು ಇದ್ರು, ಪೆಂಡಾಲದವರು. ಬಂಬು ಕೀಳಾಕ ಹತ್ತಿದ್ರು. ಝಾಲಾ ಕಾಕಾ, ಬಸಾ, ಮುಗೀತು ಕೂಡ್ರಿ ಅಂದ್ರು ಪಾಪ. ಅವರ ಹೆಸರರೆ ಕೇಳಿ ಬರಕೊಳ್ಳೋಣು ಅಂದ್ರ ಉಸರಿರಲಿಲ್ಲ. ಉಸರ ಬರೂದ್ರಾಗ ಅವರು ಬಂಬು ಹೊತ್ಕೊಂಡು ಹೋಗಿಬಿಟ್ಟಿದ್ರು."

ನಾನು ಅಲ್ಲೇ ಗೋಡೆಯ ಬುಡದಲ್ಲಿ ಕುಳಿತೆ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಮತ್ತೆ ಆಗಿಲ್ಲ. ಕಿಸೆಯಿಂದ ಪೆನ್ನು ತೆಗೆದು, "ಪುಸ್ತಕ ಕೊಡ್ರಿ ಸರ, ನಾ ಸಹಿ ಮಾಡ್ತೀನಿ. ನಿಮ್ಮ ಮಾತಿನ ಮ್ಯಾಲೆ ನನಗ ನಂಬಿಕಿ ಅದ" ಎಂದೆ.

"ನಂಬಿಕಿ ಬ್ಯಾರೆ, ನೋಡೂದು ಬ್ಯಾರೆ" ಎಂದರು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. "ನೀ ನೋಡಿಲ್ಲಲ್ಲ. ಇರಲಿ, ನಿನ್ನ ತಪ್ಪಿಲ್ಲ. ಊಟದ ಹೊತ್ತಾಗಿತ್ತು." ಆಮೇಲೆ ಚಹಾ ಮಾಡಲು ಎದ್ದರು. ನಾನು ಬೇಡವೆಂದರೂ ಮಾಡಿದರು.

ಮುಂದಿನ ಶನಿವಾರ ನಾಳೆ ಬಾ ಎಂದು ಅವರಿಂದ ಹೇಳಿಕೆ ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ನಾನಾಗಿಯೇ ಒಂದು ಭಾನುವಾರ ಹೋದರೆ ಬೀಗ ಇತ್ತು. ಈಜುಕೊಳಕ್ಕೆ ಹೋಗುತ್ತಾರೆ ಎಂದು ಪಕ್ಕದವರು ಹೇಳಿದರು. ಸ್ಪರ್ಧೆಗೆ ಮತ್ತೆ ಹೆಸರು ಕೊಡಲಿಲ್ಲ. ದಾರಿಯಲ್ಲಿ ಸಿಕ್ಕರೆ ನಗುತ್ತಿದ್ದರು, ಹೆಂಡತಿಯ ಆರೋಗ್ಯ ಕೇಳುತ್ತಿದ್ದರು. ನನಗೇ ಅವರ ಎದುರು ನಿಲ್ಲಲು ಆಗುತ್ತಿರಲಿಲ್ಲ. ಏನಾದರೂ ಕೆಲಸದ ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ಹೋಟೆಲಿನ ಧಣಿ ಮಾತ್ರ ಒಮ್ಮೆ, "ಈಗ ಸಾಹೇಬ್ರು ಉಂಡ ಕೂಡ್ಲೇ ಎದ್ದು ಹೋಗ್ತಾರೆ ಮಾರಾಯ್ರೇ" ಎಂದರು. ಹಾಗೆ ಹೇಳುವಾಗ ಧಣಿಗೆ ಸಂತೋಷವಿದ್ದಂತೆ ಕಾಣಲಿಲ್ಲ.

ಕೆಲವು ವರ್ಷಗಳ ಮೇಲೆ ಅವರ ಮಂಡಿ ಹಿಡಿದುಕೊಂಡಿತು. ಅವರ ಹೆಂಡತಿಯ ತಮ್ಮ ರೈಲ್ವೆಯಲ್ಲಿದ್ದವರು, ದೌಂಡಕ್ಕೆ ಕರೆದುಕೊಂಡು ಹೋದರು. ಬಂದು ನೋಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ದೌಂಡ ಪುಣೆಯಿಂದ ಎರಡು ತಾಸಿನ ದಾರಿ. ನನಗೆ ಐದು ವರ್ಷ ಹಿಡಿಯಿತು, ಅದೂ ಅವರು ತೀರಿಕೊಂಡ ಸುದ್ದಿ ಹೋಟೆಲಿನ ಧಣಿಯಿಂದ ತಿಳಿದ ಮೇಲೆ.

ಹೋದಾಗ ಹದಿಮೂರನೆಯ ದಿನವೂ ಮುಗಿದಿತ್ತು. ಮೈದುನ, ಅವರ ಹೆಂಡತಿ ನನ್ನನ್ನು ಕೂಡಿಸಿ ಚಹಾ ಕೊಟ್ಟರು. ಎಲ್ಲಿಂದ ಬಂದವನೆಂದು ಹೇಳಿದ ಕೂಡಲೇ ಮೈದುನ ನೆಟ್ಟಗಾದರು.

"ಹಂಗಾರ ನೀವ ಏನ್ರಿ ಅವರು! ಭಾವಾರು ನಿಮ್ಮ ಸುದ್ದಿ ಎಷ್ಟ್ ಸಲ ಹೇಳ್ಯಾರ. ಆ ಮೂರು ನಮೂನಿ ರೇಸ್ ಮುಗಿಸಿದಾಗ ಎಲ್ಲಾರೂ ಮನಿಗೆ ಹೋಗಿಬಿಟ್ಟಿದ್ರಂತ. ನೀವೊಬ್ಬರ ಬಿಸಲಾಗ ಗೆರಿ ಹತ್ರ ನಿಂತಿದ್ರಂತ."

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಅಳೆಯದ ಒಂದು ತುಂಡಿಗೂ ಶಿಕ್ಕಾ ಒತ್ತದ ಮನುಷ್ಯ ಆ ಪಡಸಾಲೆಯಲ್ಲಿ ಕುಳಿತು ಐದು ವರ್ಷ ಇದನ್ನು ಹೇಳಿದ್ದರು. ನನ್ನ ಮಾನ ಕಾಯಲು ಹೇಳಿದರೋ, ತಮಗೇ ಅದು ಬೇಕಾಗಿತ್ತೋ ನನಗೆ ತಿಳಿಯಲಿಲ್ಲ.

"ನಿಮ್ಮನ್ನ ಕಂಡ ಕೂಡ್ಲೆ ದೂರದಿಂದನ ಕೈ ಬೀಸಿದ್ರಂತ. ಹೌದೇನ್ರಿ?" ಎಂದು ಆಕೆ ಕೇಳಿದರು.

"ಹೌದ್ರಿ ಅಕ್ಕಾರ, ಬೀಸಿದ್ರು."

"ನೀವು?"

"ನಾನೂ ಬೀಸಿದೆ" ಎಂದೆ.